ಗೆದ್ದವರಿಗೆ ಮೇಲೆ ಹೋಗೋ ದಾರಿ ಇರಲೇಬೇಕು, ರಘು

ಪ್ರೀತಿಯ ರಘು,

ಐಪಿಎಲ್‌ನಲ್ಲಿ ಯಾವ ತಂಡವೂ ಕೆಳಗೆ ಬೀಳೋದಿಲ್ಲ, ಕೆಳಗಿಂದ ಯಾರೂ ಮೇಲೆ ಬರೋದೂ ಇಲ್ಲ, ಆದರೂ ಕ್ರೀಡಾಂಗಣ ತುಂಬುತ್ತೆ. ಹಾಗಿದ್ದ ಮೇಲೆ ಇಂಗ್ಲೆಂಡಿನ ರಗ್ಬಿಯವರು ಬಡ್ತಿ, ಹಿಂಬಡ್ತಿ ಅಂತ ಯಾಕಿಷ್ಟು ಕಿತ್ತಾಡ್ತಾರೆ ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಮ್ಮ ಹಳೇ ಗುಂಪಿನವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರಿಲ್ಲ ತಾನೆ?

ಮೊದಲು ಒಂದು ಮಾತು. ಇಲ್ಲಿ ರಗ್ಬಿ ಎರಡಿದೆ. ತಂಡಕ್ಕೆ 15 ಜನ ಆಡುವುದು ಯೂನಿಯನ್, 13 ಜನ ಆಡುವುದು ಲೀಗ್. ನಾನಿರುವ ಯಾರ್ಕ್‌ಷೈರ್ ಕಡೆ ಜೀವ ಬಿಡುವುದು 13 ಜನರ ಆಟಕ್ಕೆ. ಅದು ಹುಟ್ಟಿದ್ದೇ ಒಂದು ಜಗಳದಿಂದ. ಉತ್ತರ ಇಂಗ್ಲೆಂಡಿನಲ್ಲಿ ಆಡುತ್ತಿದ್ದವರಲ್ಲಿ ಗಣಿ, ಗಿರಣಿ, ಬಂದರಿನ ಕೆಲಸಗಾರರೇ ಜಾಸ್ತಿ. ಶನಿವಾರ ಆಡಲು ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಆ ಕೂಲಿಯನ್ನು ನಾವೇ ತುಂಬಿಕೊಡುತ್ತೇವೆ ಅಂದವು ಅಲ್ಲಿನ ಕ್ಲಬ್‌ಗಳು. ರಗ್ಬಿ ಯೂನಿಯನ್‌ನ ದೊಡ್ಡವರು ಸುತರಾಂ ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಸಭೆ ಸೇರಿ ಆ ಉತ್ತರದ ಕ್ಲಬ್‌ಗಳು ಯೂನಿಯನ್‌ನಿಂದ ಹೊರಗೆ ಬಂದವು. ಬಾಗಿಲು ಮುಚ್ಚಿದವರ ವಿರುದ್ಧ ಎದ್ದು ಬಂದವರ ಆಟ ಇದು. ಅದೇ ಆಟ ಇವತ್ತು ತನ್ನವರಿಗೇ ಬಾಗಿಲು ಹಾಕುತ್ತೆ ಅನ್ನೋದು ನನ್ನ ಹೊಟ್ಟೆಯುರಿ.

ಕೀತ್ಲಿ ಅಂತ ಒಂದು ಊರಿದೆ, ಬ್ರಾಡ್‌ಫರ್ಡ್‌ನಿಂದ ಸ್ವಲ್ಪ ದೂರ. ಹಳೇ ಗಿರಣಿ ಊರು. ಅಲ್ಲಿನ ಕ್ಲಬ್ ಮುಳುಗುವ ಸ್ಥಿತಿಯಲ್ಲಿತ್ತು. ಪಂದ್ಯಕ್ಕೆ ಕೆಲವು ನೂರು ಜನ ಬಂದರೆ ಹೆಚ್ಚು. 1991ರಲ್ಲಿ ಕೀತ್ಲಿ ಕೂಗರ್ಸ್ ಅಂತ ಹೊಸ ಹೆಸರಿಟ್ಟುಕೊಂಡರು. ಆಟಗಾರರು ಶಾಲೆಗಳಿಗೆ ಹೋಗಿ ಮಕ್ಕಳ ಜೊತೆ ಮಾತಾಡಿದರು. ಪಂದ್ಯದ ದಿನ ಹಾಡು, ವೇಷ, ಕುಣಿತ. ಗಂಡಸರು ಮಾತ್ರ ಬರುತ್ತಿದ್ದ ಮೈದಾನಕ್ಕೆ ಮನೆಮಂದಿಯೆಲ್ಲ ಬರತೊಡಗಿದರು. ಊರಿಗೇ ಹುಚ್ಚು ಹಿಡಿಯಿತು, ಅದಕ್ಕೆ ಕೂಗರ್‌ಮೇನಿಯಾ ಅಂತಲೇ ಹೆಸರಾಯಿತು. 1993ರಲ್ಲಿ ಮೂರನೇ ಡಿವಿಷನ್ ಗೆದ್ದರು. 1995ರಲ್ಲಿ ಎರಡನೇ ಡಿವಿಷನ್ ಗೆದ್ದರು. ಅದು ಸಾಲದು ಅಂತ ಓಲ್ಡ್ ಟ್ರಾಫರ್ಡ್‌ನಲ್ಲಿ ಹಡರ್ಸ್‌ಫೀಲ್ಡನ್ನೂ ಮಣಿಸಿ ಇನ್ನೊಂದು ಕಪ್ ತಂದರು. ಇನ್ನು ಮೊದಲ ಡಿವಿಷನ್ ಒಂದೇ ಬಾಕಿ.

ಆ ವರ್ಷದ ಏಪ್ರಿಲ್‌ನಲ್ಲೇ ಟಿವಿ ಉದ್ಯಮಿ ರೂಪರ್ಟ್ ಮರ್ಡಾಕ್‌ನ ಕಂಪನಿ ದುಡ್ಡಿನ ಗಂಟು ಹಿಡಿದು ಬಂದಿತ್ತು. ಐದು ವರ್ಷಕ್ಕೆ 87 ಮಿಲಿಯನ್ ಪೌಂಡ್. ಅದಕ್ಕೆ ಬದಲಾಗಿ ಮೊದಲ ಡಿವಿಷನ್ ಜಾಗದಲ್ಲಿ ಬೇಸಿಗೆಯಲ್ಲಿ ಆಡುವ ಹೊಸ ಸೂಪರ್ ಲೀಗ್ ಬರಬೇಕು, ದೊಡ್ಡ ನಗರಗಳ ತಂಡಗಳು ಬೇಕು, ಅಕ್ಕಪಕ್ಕದ ಊರಿನ ಕ್ಲಬ್‌ಗಳನ್ನು ಒಂದು ಮಾಡಬೇಕು. ಕ್ಯಾಸಲ್‌ಫರ್ಡ್, ವೇಕ್‌ಫೀಲ್ಡ್, ಫೆದರ್‌ಸ್ಟೋನ್ ಮೂರೂ ಸೇರಿ ಕಾಲ್ಡರ್ ಅನ್ನುವ ಒಂದು ತಂಡವಾಗಬೇಕಿತ್ತು! ತಲೆತಲಾಂತರದ ಎದುರಾಳಿಗಳು ಕಣೋ ಅವರು. ಅಭಿಮಾನಿಗಳು ಬೀದಿಗಿಳಿದರು, ವಿಲೀನದ ಮಾತು ಅಲ್ಲಿಗೇ ಬಿತ್ತು. ಆದರೆ ಮೇಲೆ ಯಾರಿರಬೇಕು ಅನ್ನುವ ಪಟ್ಟಿ ಮಾತ್ರ ಕಚೇರಿಯಲ್ಲೇ ತಯಾರಾಯಿತು. ಎರಡನೇ ಡಿವಿಷನ್‌ನಲ್ಲಿ ಗೆದ್ದ ಕೀತ್ಲಿಗೆ ಜಾಗವಿಲ್ಲ. ಎರಡನೇ ಸ್ಥಾನದ ಬ್ಯಾಟ್ಲಿಗೂ ಇಲ್ಲ. ನಾಲ್ಕನೇ ಸ್ಥಾನ ಪಡೆದ ಲಂಡನ್ ಬ್ರಾಂಕೋಸ್‌ಗೆ ಜಾಗ ಸಿಕ್ಕಿತು, ರಾಜಧಾನಿಯ ತಂಡ ಅಂತ. ಪ್ಯಾರಿಸ್‌ಗೂ ಸಿಕ್ಕಿತು. ಆ ಪ್ಯಾರಿಸ್ ತಂಡ ಆಗಿನ್ನೂ ಹುಟ್ಟೇ ಇರಲಿಲ್ಲ, 1996ರಲ್ಲಿ ಬಂತು, ಎರಡು ಸೀಸನ್ ಆಡಿ 1997ಕ್ಕೆ ಮುಚ್ಚಿಹೋಯಿತು. ಕೀತ್ಲಿ ಇವತ್ತಿನವರೆಗೂ ಸೂಪರ್ ಲೀಗ್‌ನಲ್ಲಿ ಒಂದು ಪಂದ್ಯ ಆಡಿಲ್ಲ.

30 ವರ್ಷ ಹಳೇ ಕಥೆ, ಈಗ್ಯಾಕೆ ಅಂತೀಯಾ? ಅದೇ ಲಂಡನ್‌ಗೆ ಮೊನ್ನೆ ಮೊನ್ನೆ ಏನಾಯಿತು ಕೇಳು.

2022ರಲ್ಲಿ ಆಟದ ಆಡಳಿತದವರು ಐಎಂಜಿ ಅನ್ನುವ ಕ್ರೀಡಾ ವ್ಯವಹಾರದ ಕಂಪನಿಯ ಜೊತೆ 12 ವರ್ಷದ ಒಪ್ಪಂದ ಮಾಡಿಕೊಂಡರು. ಅವರ ಸಲಹೆಯಂತೆ 2025ರ ಸೀಸನ್‌ನಿಂದ ಮೈದಾನದ ಬಡ್ತಿ, ಹಿಂಬಡ್ತಿ ರದ್ದು. ಅದರ ಬದಲು ಪ್ರತಿ ಕ್ಲಬ್‌ಗೂ 20ಕ್ಕೆ ಇಷ್ಟು ಅಂತ ಅಂಕ. ಅಭಿಮಾನಿ ಬಳಗಕ್ಕೆ 5, ಆಟಕ್ಕೆ 5, ಹಣಕಾಸಿಗೆ 4.5, ಕ್ರೀಡಾಂಗಣಕ್ಕೆ 3, ಊರಿನ ಸಮುದಾಯಕ್ಕೆ 2.5. ಇಪ್ಪತ್ತರಲ್ಲಿ ಆಟಕ್ಕೆ ಐದೇ ಐದು, ನೋಡು! ಅದೂ ಮೂರು ವರ್ಷದ ಲೆಕ್ಕ ಸೇರಿಸಿ. ಮೈದಾನದಲ್ಲಿ ದೊಡ್ಡ ಪರದೆ ಇದ್ದರೆ ಅಂಕ, ಎಲ್‌ಇಡಿ ಜಾಹೀರಾತು ಫಲಕ ಇದ್ದರೆ ಅಂಕ, ಸೋಶಿಯಲ್ ಮೀಡಿಯಾದಲ್ಲಿ ಓಡಾಟ ಜಾಸ್ತಿ ಇದ್ದರೆ ಅಂಕ. ಊರಿನ ಸುತ್ತ ಜನಸಂಖ್ಯೆ ಎಷ್ಟು ಅನ್ನೋದಕ್ಕೂ ಅಂಕ. ಎಷ್ಟು ಪಂದ್ಯ ಗೆದ್ದರೆ ಒಂದು ಊರಿನ ಜನಸಂಖ್ಯೆ ಹೆಚ್ಚುತ್ತೆ, ನೀನೇ ಹೇಳು. 15 ದಾಟಿದರೆ ಎ ಗ್ರೇಡ್, ಸೂಪರ್ ಲೀಗ್ ಜಾಗ ಗ್ಯಾರಂಟಿ. ಉಳಿದ ಜಾಗಗಳು ಅಂಕದ ಸಾಲಿನಲ್ಲಿ ಮುಂದಿರುವವರಿಗೆ.

2023ರ ಅಕ್ಟೋಬರ್. ಹಳೇ ಪದ್ಧತಿಯ ಕೊನೆಯ ಬಡ್ತಿ ಪಂದ್ಯ. ಲಂಡನ್ ಬ್ರಾಂಕೋಸ್ ಫ್ರಾನ್ಸ್‌ಗೆ ಹೋಗಿ ಟುಲೂಸ್ ತಂಡವನ್ನು ಅದರ ತವರಿನಲ್ಲೇ 18-14ರಿಂದ ಸೋಲಿಸಿತು. ಯಾರೂ ನಿರೀಕ್ಷಿಸಿರಲಿಲ್ಲ. ಅದೇ ತಿಂಗಳು ಪ್ರಾಯೋಗಿಕ ಅಂಕಪಟ್ಟಿ ಹೊರಬಂತು. ಲಂಡನ್‌ಗೆ 8.07, 24ನೇ ಸ್ಥಾನ. ಮೇಲಿನ ಲೀಗ್‌ನಲ್ಲಿ ಆಗ ಇದ್ದದ್ದೇ 12 ಜಾಗ. ಅಂದರೆ 2024ರ ಮೊದಲ ಪಂದ್ಯ ಆಡುವುದಕ್ಕೆ ಮುಂಚೆಯೇ ಆ ಹುಡುಗರಿಗೆ ಗೊತ್ತು, ಏನೇ ಆಡಿದರೂ ವರ್ಷದ ಕೊನೆಗೆ ಕೆಳಗೆ ಹೋಗೋದು ಹೆಚ್ಚೂಕಡಿಮೆ ಖಚಿತ ಅಂತ. ಅಂಥ ತಂಡಕ್ಕೆ ಯಾವ ಒಳ್ಳೆಯ ಆಟಗಾರ ಬಂದು ಸಹಿ ಹಾಕುತ್ತಾನೆ? ಯಾವ ಪ್ರಾಯೋಜಕ ದುಡ್ಡು ಹಾಕುತ್ತಾನೆ? ಮೂರು ಪಂದ್ಯ ಗೆದ್ದು ಕೊನೆಯ ಸ್ಥಾನದಲ್ಲಿ ಮುಗಿಸಿದರು. ಹಾಗೂ ಮೂರು ಗೆದ್ದರಲ್ಲ, ನನಗೆ ಅವರ ಮೇಲೆ ತುಂಬಾ ಗೌರವ. ಕೊನೆಯ ಸ್ಥಾನ ಬಂದದ್ದರಿಂದ ಕೆಳಗೆ ಹೋದರು ಅಂತ ಯಾರಾದರೂ ಹೇಳಬಹುದು. ಆದರೆ ಮೇಲೆ ಉಳಿಯುವ ಆಸೆಯನ್ನು ಮೊದಲೇ ಕಿತ್ತುಕೊಂಡು ಆಮೇಲೆ ನೀವು ಚೆನ್ನಾಗಿ ಆಡಲಿಲ್ಲ ಅನ್ನೋದು ಯಾವ ನ್ಯಾಯ?

ಎದುರುಪಕ್ಷದ ಮಾತನ್ನೂ ಹೇಳಲೇಬೇಕು. ಸುಮ್ನೆ ಅಲ್ಲ ಅವರು ಬಾಗಿಲು ಹಾಕಲು ಹೊರಟಿದ್ದು. ಕೆಳಗೆ ಬೀಳುವ ಭಯ ಕ್ಲಬ್‌ಗಳನ್ನು ಹಾಳುಮಾಡುತ್ತೆ. ಈ ವರ್ಷ ಹೇಗಾದರೂ ಉಳಿಯಬೇಕು ಅಂತ ಸಾಲ ಮಾಡಿ ಆಟಗಾರರನ್ನು ಕೊಳ್ಳುತ್ತಾರೆ. ಸ್ಟ್ಯಾಂಡ್ ಕಟ್ಟೋದು, ಎಳೆಯ ಹುಡುಗರನ್ನು ಬೆಳೆಸೋದು ಎಲ್ಲ ಮುಂದಕ್ಕೆ. ಬ್ರಾಡ್‌ಫರ್ಡ್ ಬುಲ್ಸ್ ಒಂದು ಕಾಲಕ್ಕೆ ಸೂಪರ್ ಲೀಗ್ ಚಾಂಪಿಯನ್, 2014ರಲ್ಲಿ ಕೆಳಗಿಳಿಯಿತು, 2017ರ ಆರಂಭದಲ್ಲಿ ಆ ಕಂಪನಿಯೇ ಮುಚ್ಚಿ ಹೊಸದಾಗಿ ಶುರುಮಾಡಬೇಕಾಯಿತು.

2016ರ ಒಂದು ಪಂದ್ಯವಂತೂ ನೋಡಲಾಗುವುದಿಲ್ಲ. ಹಲ್ ಕೆಆರ್ ಮತ್ತು ಸಾಲ್ಫರ್ಡ್. ಗೆದ್ದವರು ಮೇಲೆ, ಸೋತವರು ಕೆಳಗೆ. ಮಿಲಿಯನ್ ಪೌಂಡ್ ಗೇಮ್ ಅಂತ ಅದಕ್ಕೆ ಹೆಸರು. ಹಲ್ ಕೆಆರ್ ತನ್ನ ಮೈದಾನದಲ್ಲಿ 18-10ರಿಂದ ಮುಂದಿತ್ತು. ಆಟ ಮುಗಿಯಲು ಕೆಲವೇ ಕ್ಷಣ. ಜನ ಆಗಲೇ ಸಂಭ್ರಮ ಶುರುಮಾಡಿದ್ದರು. ಸಾಲ್ಫರ್ಡ್ ಒಂದು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸೋದು) ಹೊಡೆಯಿತು, ಮೇಲಿಂದ ಮೇಲೆ ಇನ್ನೊಂದು, 18-18. ಹೆಚ್ಚುವರಿ ಸಮಯದಲ್ಲಿ ಮೊದಲು ಅಂಕ ಗಳಿಸಿದವರೇ ಗೆದ್ದಂತೆ. ಸಾಲ್ಫರ್ಡ್‌ನ ಗ್ಯಾರೆತ್ ಒ'ಬ್ರಯನ್ ತುಂಬಾ ದೂರದಿಂದ ಡ್ರಾಪ್ ಗೋಲ್‌ಗೆ ಒದ್ದ, ಅಂದರೆ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದ ತಕ್ಷಣ ಒದೆಯೋದು, ಅದಕ್ಕೆ ಒಂದು ಅಂಕ. ಚೆಂಡು ಕಂಬಗಳ ಮಧ್ಯೆ ಹೋಯಿತು. 19-18. ಅಷ್ಟೇ. ಆ ಒಂದು ಒದೆತದಿಂದ ಆಟಗಾರರಷ್ಟೇ ಅಲ್ಲ, ಕಚೇರಿಯಲ್ಲಿ ಕೆಲಸ ಮಾಡುವವರ ಅನ್ನಕ್ಕೂ ಕುತ್ತು. ಇದನ್ನು ನೋಡಿದವರು ಇಂಥ ಪದ್ಧತಿ ಬೇಡ ಅಂದರೆ ನಾನು ಅವರನ್ನು ಬೈಯುವುದಿಲ್ಲ.

ಆದರೆ ಮುಂದೇನಾಯಿತು ಅಂತಲೂ ನೋಡು. ಹಲ್ ಕೆಆರ್ ಮರುವರ್ಷವೇ ಆಡಿ ಗೆದ್ದು ವಾಪಸ್ ಬಂತು. 2025ರಲ್ಲಿ ವೆಂಬ್ಲಿಯಲ್ಲಿ ವಾರಿಂಗ್ಟನ್ ವಿರುದ್ಧ 8-6ರಿಂದ ಚಾಲೆಂಜ್ ಕಪ್ ಗೆದ್ದಿತು. 40 ವರ್ಷದಲ್ಲಿ ಮೊದಲ ದೊಡ್ಡ ಕಪ್! ಆಮೇಲೆ ಸೂಪರ್ ಲೀಗ್ ಪಂದ್ಯಗಳ ಪಟ್ಟಿಯಲ್ಲೂ ಮೊದಲು, ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಗ್ರ್ಯಾಂಡ್ ಫೈನಲ್‌ನಲ್ಲಿ ವಿಗನ್ ವಿರುದ್ಧ 24-6ರ ಗೆಲುವು. ಒಂದೇ ವರ್ಷ ಮೂರೂ. ಬಿದ್ದ ತಂಡಕ್ಕೆ ಏಳುವ ದಾರಿ ಇತ್ತು, ಎದ್ದಿತು.

ಇನ್ನು ಸಾಲ್ಫರ್ಡ್. ಅಂಕ ಲೆಕ್ಕ ಹಾಕಿ, ಹಣಕಾಸು ನೋಡಿ, ನೀವು ಸೂಪರ್ ಲೀಗ್‌ಗೆ ಯೋಗ್ಯರು ಅಂತ 2025ಕ್ಕೆ ಆರಿಸಿದ ತಂಡ ಅದು. ಸೀಸನ್‌ನ ಮೊದಲ ಪಂದ್ಯದಲ್ಲೇ ದುಡ್ಡಿನ ತೊಂದರೆಯಿಂದ ಎಳೆಯ ಹುಡುಗರನ್ನು ಇಳಿಸಬೇಕಾಗಿ ಬಂತು, ಸೇಂಟ್ ಹೆಲೆನ್ಸ್ ವಿರುದ್ಧ 82-0. ವರ್ಷ ಪೂರ್ತಿ ಸಂಬಳದ ಚಿಂತೆ, ಆಟಗಾರರು ಒಬ್ಬೊಬ್ಬರಾಗಿ ಹೊರಟುಹೋದರು. ಹಾಗಾದರೆ ಆ 4.5 ಅಂಕದ ಹಣಕಾಸು ಪರೀಕ್ಷೆ ಯಾರನ್ನು ಕಾಪಾಡಿತು? ಈ ಒಂದು ಪ್ರಶ್ನೆಗೆ ಅಂಕಪದ್ಧತಿ ಪರ ಇರುವವರು ಯಾರೂ ನನಗೆ ನೆಟ್ಟಗೆ ಉತ್ತರ ಕೊಟ್ಟಿಲ್ಲ.

15 ಜನರ ರಗ್ಬಿಯಲ್ಲೂ ಇದೇ ಗೋಳು. 2022ರಲ್ಲಿ ಈಲಿಂಗ್ ಅನ್ನುವ ಲಂಡನ್ ಕ್ಲಬ್ ಎರಡನೇ ದರ್ಜೆ ಗೆದ್ದಿತು. ಮೈದಾನದಲ್ಲಿ 10,001 ಜನಕ್ಕೆ ಜಾಗವಿಲ್ಲ ಅಂತ ಮೇಲೆ ಬಿಡಲಿಲ್ಲ. ಅದೇ ಎಕ್ಸಿಟರ್‌ನ ಕಥೆ ನೋಡು. 2010ರಲ್ಲಿ ಬ್ರಿಸ್ಟಲ್ ತಂಡವನ್ನು ಸೋಲಿಸಿ ಮೇಲೆ ಬಂದರು. 2017ರಲ್ಲಿ ಇಂಗ್ಲೆಂಡಿನ ಚಾಂಪಿಯನ್, 2020ರಲ್ಲಿ ಯುರೋಪಿನ ಚಾಂಪಿಯನ್. ಬಾಗಿಲು ಹಾಕಿದ್ದರೆ ಈ ತಂಡ ಯಾರಿಗೆ ಗೊತ್ತಿರುತ್ತಿತ್ತು?

ನೀನು ಐಪಿಎಲ್ ಉದಾಹರಣೆ ಕೊಟ್ಟೆ. ನಾನು ನಿನಗೆ ನಿನ್ನದೇ ತಂಡವನ್ನು ನೆನಪಿಸುತ್ತೇನೆ. ಫುಟ್‌ಬಾಲ್‌ನಲ್ಲಿ ಬೆಂಗಳೂರು ಎಫ್‌ಸಿ ಎರಡು ಸಲ ಐ-ಲೀಗ್ ಗೆದ್ದಿತು, ಕಂಠೀರವದಲ್ಲಿ ನೀನು ಗಂಟಲು ಹರಿದುಕೊಂಡಿದ್ದೆ. ಆದರೆ 2017ರಲ್ಲಿ ಐಎಸ್‌ಎಲ್ ಅನ್ನುವ ಫ್ರಾಂಚೈಸಿ ಫುಟ್‌ಬಾಲ್ ಲೀಗ್‌ಗೆ ಹೋದದ್ದು ಆ ಗೆಲುವಿನಿಂದಲ್ಲ, ಬಿಡ್ ಹಾಕಿ. ಆ ವರ್ಷ ಐ-ಲೀಗ್ ಗೆದ್ದವರು ಮಿಜೋರಾಮಿನ ಐಜ್ವಾಲ್. ದೊಡ್ಡ ದೊಡ್ಡ ಕ್ಲಬ್‌ಗಳನ್ನೆಲ್ಲ ಹಿಂದೆ ಹಾಕಿ ಚಾಂಪಿಯನ್ ಆದ ಆ ತಂಡಕ್ಕೆ ಐಎಸ್‌ಎಲ್‌ನಲ್ಲಿ ಜಾಗ ಸಿಗಲಿಲ್ಲ. ಆಗ ನಿನಗೂ ಬೇಜಾರಾಗಿತ್ತು ಅಲ್ವಾ? ಕೀತ್ಲಿಯವರ ಬೇಜಾರೂ ಅದೇ ಕಣೋ. ಐಪಿಎಲ್ ಹುಟ್ಟಿದಾಗಲೇ ಫ್ರಾಂಚೈಸಿ, ಅಲ್ಲಿ ಯಾರ ಹಕ್ಕನ್ನೂ ಕಿತ್ತುಕೊಳ್ಳಲಿಲ್ಲ. ಇಲ್ಲಿ ನೂರು ವರ್ಷದಿಂದ ಇದ್ದ ಊರ ತಂಡಗಳಿಗೆ ನಡುವೆ ಬಂದು ಬೀಗ ಹಾಕಿದ್ದಾರೆ.

ಹಾಗಂತ ಏನೂ ನಿಯಮವೇ ಬೇಡ ಅಂತ ನಾನು ಹೇಳುತ್ತಿಲ್ಲ. ಸಂಬಳ ಕೊಡಲು ದುಡ್ಡಿದೆಯಾ, ಕ್ರೀಡಾಂಗಣ ಸುರಕ್ಷಿತವಾ, ಕಿರಿಯರ ತಂಡ ಇದೆಯಾ, ಇಷ್ಟನ್ನು ಕಡ್ಡಾಯ ಮಾಡಲಿ. ಪರೀಕ್ಷೆಯಲ್ಲಿ ಪಾಸ್ ಆಗೋಕೆ 35 ಬೇಕು ಅಂತ ಇಟ್ಟ ಹಾಗೆ. ಅದು ದಾಟಿದ ಮೇಲೆ ಯಾರು ಮುಂದೆ ಅನ್ನೋದನ್ನು ಮೈದಾನ ತೀರ್ಮಾನಿಸಲಿ. ಒಂದು ತಂಡ ಕೆಳಗೆ, ಒಂದು ತಂಡ ಮೇಲೆ. ಕೆಳಗಿಳಿದವರಿಗೆ ಒಂದೆರಡು ವರ್ಷ ಟಿವಿ ದುಡ್ಡಿನಲ್ಲಿ ಪಾಲು ಕೊಡಲಿ, ಒಂದೇ ಒದೆತಕ್ಕೆ ಜನರ ಕೆಲಸ ಹೋಗದ ಹಾಗೆ. ಈ ಅಂಕಪದ್ಧತಿಯಿಂದ ಒಳ್ಳೆಯದೂ ಆಗಿದೆ. ವೇಕ್‌ಫೀಲ್ಡ್ 2023ರಲ್ಲಿ ಕೆಳಗಿಳಿದು, ಹೊಸ ಮಾಲೀಕ, ಹೊಸ ಸ್ಟ್ಯಾಂಡ್, ಹೊಸ ಹುರುಪಿನಲ್ಲಿ ಒಂದೇ ವರ್ಷಕ್ಕೆ ಎ ಗ್ರೇಡ್ ಪಡೆದು ಬಂತು. ಆದರೆ ಅದೇ ವರ್ಷ ಅವರು ಎರಡನೇ ದರ್ಜೆಯನ್ನೂ ಗೆದ್ದಿದ್ದರು. ಹಳೇ ಪದ್ಧತಿಯಲ್ಲೂ ಮೇಲೆ ಬರುತ್ತಿದ್ದರು!

2026ಕ್ಕೆ ಸೂಪರ್ ಲೀಗ್ ತಂಡಗಳು 12ರಿಂದ 14ಕ್ಕೆ ಏರಿದವು. ಆ ಎರಡು ಹೊಸ ಜಾಗಕ್ಕೆ ಒಂದು ಸಮಿತಿ ಕೂತು ಯಾರ್ಕ್ ಮತ್ತು ಟುಲೂಸನ್ನು ಆರಿಸಿತು. 2025ರಲ್ಲಿ ಎರಡನೇ ದರ್ಜೆಯ ಪಟ್ಟಿಯಲ್ಲಿ ಮೊದಲು ಬಂದದ್ದು ಯಾರ್ಕ್, ಫೈನಲ್ ಗೆದ್ದದ್ದು ಟುಲೂಸ್. ಅಂದರೆ ಸಮಿತಿ ಕೂಡುವ ಮೊದಲೇ ಮೈದಾನ ಅದೇ ಉತ್ತರ ಕೊಟ್ಟಿತ್ತು. ಮತ್ತೆ ಸಮಿತಿ ಯಾಕೆ ಬೇಕಿತ್ತು, ರಘು?

ಬೇಸಿಗೆಗೆ ಬರ್ತೀನಿ ಅಂದಿದ್ದೀಯ. ಬಂದರೆ ಒಂದು ಭಾನುವಾರ ಖಾಲಿ ಇಟ್ಟುಕೋ. ದೊಡ್ಡ ಲೀಗ್‌ನ ಪಂದ್ಯ ಟಿವಿಯಲ್ಲಿ ಯಾವಾಗ ಬೇಕಾದರೂ ನೋಡಬಹುದು. ನಿನ್ನನ್ನು ಕೀತ್ಲಿಗೆ ಕರೆದುಕೊಂಡು ಹೋಗ್ತೀನಿ, ಕೂಗರ್ ಪಾರ್ಕ್‌ನಲ್ಲಿ 1995ನ್ನು ಕಣ್ಣಾರೆ ಕಂಡವರು ಈಗಲೂ ಬರುತ್ತಾರೆ. ಐಪಿಎಲ್ ವಾದವನ್ನು ಅವರ ಮುಂದೆ ಇಡು. ನಾನು ಪಕ್ಕದಲ್ಲೇ ಇರ್ತೀನಿ, ಭಾಷಾಂತರ ನನ್ನದು.

ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ,
ಸತೀಶ