ಓಣಿಯ ತಂತಿ ನೆಲದೊಳಗೆ ಹಾಕಿಸಿ, ಖರ್ಚು ನಮ್ಮ ತಲೆಗೆ ಕಟ್ಟಬೇಡಿ: ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರೇ,

ನಮಸ್ಕಾರ. ನಾನು ಹಳೇ ದಾವಣಗೆರೆಯವಳು. ದುಗ್ಗಮ್ಮನ ಗುಡಿಗೆ ಹತ್ತಿರದ ಒಂದು ಓಣಿಯಲ್ಲಿ ನಮ್ಮ ಮನೆ. ಕೆಳಗೆ ಸಂಸಾರ, ಮಹಡಿಯಲ್ಲಿ ನನ್ನ ಹೊಲಿಗೆ ಅಂಗಡಿ. ಕೊನೆಯವರೆಗೆ ಓದಲು ನಿಮಗೆ ಪುರುಸೊತ್ತು ಇರುತ್ತೋ ಇಲ್ಲವೋ, ಅದಕ್ಕೇ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಹಳೇ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಮನೆಗೋಡೆ ಸವರಿಕೊಂಡು ಹೋಗುವ ಕರೆಂಟ್ ತಂತಿಗಳನ್ನು ನೆಲದೊಳಗೆ ಹಾಕಿಸಿ. ಅದರ ಖರ್ಚನ್ನು ಓಣಿಯವರಿಂದ ವಸೂಲಿ ಮಾಡಬೇಡಿ. ಇಷ್ಟೇ.

ನಮ್ಮ ಓಣಿ ಎಷ್ಟು ಅಗಲ ಅಂದರೆ, ಒಂದು ಆಟೋ ಬಂತು ಅಂದರೆ ಎದುರಿನ ಸ್ಕೂಟರ್‌ನವನು ಚರಂಡಿ ಕಲ್ಲಿನ ಮೇಲೆ ಹತ್ತಿ ನಿಲ್ಲಬೇಕು. ಅಷ್ಟರಲ್ಲೇ ಸಾಲಾಗಿ ಕಂಬಗಳು. ಕಂಬದ ತುದಿಯಲ್ಲಿ 11 ಕೆ.ವಿ., ಅಂದರೆ 11 ಸಾವಿರ ವೋಲ್ಟಿನ ಲೈನ್, ಅದರ ಕೆಳಗೆ ಮನೆಗಳಿಗೆ ಕರೆಂಟ್ ಕೊಡುವ ಲೈನ್, ಅದರ ಕೆಳಗೆ ಕೇಬಲ್ ಟಿವಿ, ಇಂಟರ್ನೆಟ್ ವೈರುಗಳ ಗೋಜಲು. ನಮ್ಮ ಮಹಡಿಯ ಬಾಲ್ಕನಿಯಲ್ಲಿ ನಿಂತು ಕೈ ಚಾಚಿದರೆ ಮೇಲಿನ ಲೈನ್ ಸಿಗುತ್ತದೆ. ಚಾಚುವುದಿಲ್ಲ, ಅದು ಬೇರೆ ಮಾತು.

ನಿಯಮ ನಿಮಗೆ ಗೊತ್ತೇ ಇದೆ. 11 ಕೆ.ವಿ. ತಂತಿಗೂ ಕಟ್ಟಡಕ್ಕೂ ಪಕ್ಕದಲ್ಲಿ 1.2 ಮೀಟರ್, ಮೇಲೆ 3.7 ಮೀಟರ್ ಅಂತರ ಇರಬೇಕು. ಪಕ್ಕದ್ದು ನಮ್ಮ ಲೆಕ್ಕದಲ್ಲಿ ನಾಲ್ಕಡಿ. ಅಳತೆ ಟೇಪು ದಿನವಿಡೀ ನನ್ನ ಕೊರಳಲ್ಲೇ ಇರುತ್ತದೆ. ಆದರೂ ಅಳೆದು ನೋಡುವ ಧೈರ್ಯ ಇವತ್ತಿನವರೆಗೂ ಬಂದಿಲ್ಲ. ನಿಮ್ಮ ಇಲಾಖೆಯವರೇ ಬಂದು ಅಳೆಯಲಿ. ಅಳೆಯುವಾಗ ಲೈನ್ ಆಫ್ ಮಾಡಿಸಿಕೊಳ್ಳಲು ಮರೆಯದಿರಲಿ.

ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬರುತ್ತದೆ. ಮನೆತುಂಬ ನೆಂಟರು. ಸೆಕೆ ಅಂತ ಎಲ್ಲರೂ ಮಾಳಿಗೆ ಮೇಲೆ ಚಾಪೆ ಹಾಸಲು ಹೊರಟರೆ, ನಾನು ಬಾಗಿಲಿಗೆ ಬೀಗ ಹಾಕಿ ಕೆಟ್ಟವಳಾಗುತ್ತೇನೆ. ಮಾಳಿಗೆಯಲ್ಲಿ ಸಂಡಿಗೆ ಇಡುವುದು ಬಿಟ್ಟು ಎಷ್ಟೋ ಕಾಲವಾಯಿತು. ಗಾಳಿಪಟ ನಮ್ಮ ಮನೆಯಲ್ಲಿ ನಿಷೇಧ. ಇವೆಲ್ಲ ಹೇಗೋ ಹೊಂದಿಕೊಂಡು ಬಂದ ಕಷ್ಟಗಳು, ಪತ್ರ ಬರೆಯುವಂಥವಲ್ಲ. ಬರೆಯುವ ಹಾಗೆ ಮಾಡಿದ್ದು ಹೋದ ವರ್ಷದ ಗಾಳಿಮಳೆ.

ಮುಂಗಾರಿಗೆ ಮುಂಚೆ ಬರುತ್ತದಲ್ಲ, ಧೂಳೆಬ್ಬಿಸಿಕೊಂಡು ಬರುವ ಮಳೆ, ಅದು. ಮದುವೆ ಸೀಸನ್ ಜೋರಿತ್ತು. ಮಾರನೇ ದಿನ ಕೊಡಬೇಕಾದ ಮದುಮಗಳ ಬ್ಲೌಸಿಗೆ ತೋಳು ಕೂಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಟ್ಯೂಬ್‌ಲೈಟ್ ಬೆಳ್ಳಗೆ ಉರಿಯಿತು. ಫ್ಯಾನ್ ಕಿತ್ತುಕೊಂಡು ಬೀಳುವ ಹಾಗೆ ತಿರುಗಿತು. ನಾನು ಕಾಲು ತೆಗೆಯುವಷ್ಟರಲ್ಲಿ ಮಷಿನ್ ಮೋಟಾರಿನಿಂದ ಹೊಗೆ. ಪಕ್ಕದಲ್ಲಿದ್ದ ಓವರ್‌ಲಾಕ್ ಮಷಿನ್ ಟಪ್ ಅಂದಿತು. ಸ್ವಿಚ್ ಬೋರ್ಡಿನ ಪ್ಲಾಸ್ಟಿಕ್ ಕರಗಿ ಗೋಡೆಗುಂಟ ಇಳಿಯಿತು. ಬ್ಲೌಸನ್ನು ಎದೆಗೆ ಅವುಚಿಕೊಂಡು ಕತ್ತಲಲ್ಲೇ ಮೆಟ್ಟಿಲಿಳಿದು ಓಡಿದೆ. ಜೀವಕ್ಕಿಂತ ಮೊದಲು ಗಿರಾಕಿಯ ರೇಷ್ಮೆ ಬಟ್ಟೆ ನೆನಪಾಯಿತು ನೋಡಿ, ನಮ್ಮ ಬದುಕು ಹೀಗೆ.

ಆಗಿದ್ದೇನು ಅಂದರೆ, ಮೇಲಿನ 11 ಕೆ.ವಿ. ತಂತಿ ಹರಿದು ಕೆಳಗಿನ ಲೈನ್ ಮೇಲೆ ಬಿದ್ದಿತ್ತು. ಮನೆಗೆ 230 ವೋಲ್ಟ್ ಬರಬೇಕಾದ ತಂತಿಯಲ್ಲಿ 11 ಸಾವಿರ ವೋಲ್ಟಿನದ್ದು ನುಗ್ಗಿದರೆ ಇನ್ನೇನಾಗುತ್ತೆ? ಸಾಲು ಮನೆಗಳ ಟಿವಿ, ಫ್ರಿಜ್, ಮಿಕ್ಸಿ ಎಲ್ಲ ಬೂದಿ. ಎರಡು ಲೈನಿನ ನಡುವೆ ಗಾರ್ಡಿಂಗ್ ಅಂತ ತಂತಿಬಲೆ ಇರಬೇಕಿತ್ತು, ಹರಿದ ತಂತಿಯನ್ನು ಹಿಡಿಯಲಿಕ್ಕೆ. ನಮ್ಮ ಓಣಿಯಲ್ಲಿ ಇರಲಿಲ್ಲ. ಹಿಂದೆ ಇತ್ತು, ಯಾವಾಗ ಮಾಯವಾಯಿತೋ ಯಾರಿಗೂ ಗೊತ್ತಿಲ್ಲ. ಆ ರಾತ್ರಿ ಮೇಣದಬತ್ತಿ ಹಚ್ಚಿಕೊಂಡು ನಮ್ಮತ್ತೆಯ ಹಳೇ ಕಾಲ್ತುಳಿ ಮಷಿನ್‌ನಲ್ಲಿ ಬ್ಲೌಸ್ ಮುಗಿಸಿದೆ. ಪುಣ್ಯಕ್ಕೆ ಅದಕ್ಕೆ ನಿಮ್ಮ ಇಲಾಖೆಯ ಹಂಗಿಲ್ಲ.

ಲೈನ್‌ಮನ್ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಮಳೆಯಲ್ಲೇ ಕಂಬ ಹತ್ತಿದ. ಕೈಗೆ ಗ್ಲೌಸೂ ಇರಲಿಲ್ಲ. ಸಿಟ್ಟು ಬಂದದ್ದು ಆಫೀಸಿಗೆ ಹೋದಾಗ. "ಗಾಳಿಮಳೆಗೆ ನಾವೇನು ಮಾಡೋಕಾಗುತ್ತಕ್ಕಾ?" ಅಂದರು. ಸುಟ್ಟ ಸಾಮಾನಿಗೆ ಪರಿಹಾರ ಕೇಳಿದರೆ ಅರ್ಜಿ ಬರೆದು ಕೊಡಿ ಅಂದರು. ಕೊಟ್ಟೆವು. ಸೀಲ್ ಹಾಕಿದ ಪ್ರತಿ ಈಗಲೂ ನನ್ನ ನೂಲಿನ ಡಬ್ಬದಲ್ಲಿದೆ. ಪರಿಹಾರವಂತೂ ಬರಲಿಲ್ಲ. ಬಂದದ್ದು ಒಂದು ಪಿವಿಸಿ ಪೈಪು. ಉದ್ದಕ್ಕೆ ಸೀಳಿ, ನಮ್ಮ ಬಾಲ್ಕನಿ ಎದುರು ಬರುವಷ್ಟು ತಂತಿಗೆ ತೊಡಿಸಿ, "ಇನ್ನು ಸೇಫ್" ಅಂತ ಹೋದರು. ಒಂದು ಬೇಸಿಗೆಗೆ ಅದು ಬಿರುಕುಬಿಟ್ಟಿತು. ಆಮೇಲೆ ಗಾಳಿಗೆ ಜಾರುತ್ತಾ ಹೋಗಿ ಈಗ ಎರಡು ಕಂಬಗಳ ನಡುಮಧ್ಯೆ, ಯಾರ ಮನೆಯೂ ಇಲ್ಲದ ಕಡೆ ನೇತಾಡುತ್ತಿದೆ. ಖಾಲಿ ಸೈಟಿಗೆ ಒಳ್ಳೆ ರಕ್ಷಣೆ.

ಇದರ ಮೇಲೆ ಬಂತು ನೋಟಿಸ್. ಹೌದು, ನನಗೆ. ನಿಮ್ಮ ಕಟ್ಟಡವು ವಿದ್ಯುತ್ ಮಾರ್ಗಕ್ಕೆ ಅಪಾಯಕಾರಿಯಾಗಿ ಹತ್ತಿರವಿದೆ, 15 ದಿನದೊಳಗೆ ಬಾಲ್ಕನಿ ತೆರವು ಮಾಡಿ, ತಪ್ಪಿದರೆ ಸಂಪರ್ಕ ಕಡಿತ. ಸ್ವಾಮಿ, ಈ ಮನೆ ಕಟ್ಟಿಸಿದ್ದು ನಮ್ಮ ಮಾವನವರು, ಊರಲ್ಲಿ ಹತ್ತಿ ಗಿರಣಿಗಳ ಸೈರನ್ ಕೂಗುತ್ತಿದ್ದ ಕಾಲದಲ್ಲಿ. ಕಂಬ ನೆಟ್ಟಿದ್ದು ಆಮೇಲೆ. ತಂತಿ ನಮ್ಮ ಮನೆ ಹತ್ತಿರ ಬಂತೋ, ಇಲ್ಲಾ ನಮ್ಮ ಮನೆಯೇ ಎದ್ದು ತಂತಿ ಹತ್ತಿರ ನಡೆದುಕೊಂಡು ಹೋಯಿತೋ?

ಸರಿ, ಬಾಲ್ಕನಿ ಬೇಡ, ತಂತಿಯನ್ನೇ ನೆಲದೊಳಗೆ ಹಾಕಿ ಅಂತ ಓಣಿಯವರೆಲ್ಲ ಸೇರಿ ಕೇಳಿದೆವು. ಆಗಬಹುದು ಅಂದರು. ಖುಷಿಯಾಯಿತು. ಆಮೇಲೆ ಎಸ್ಟಿಮೇಟ್ ಕೈಗಿಟ್ಟರು. ಪೂರ್ತಿ ದುಡ್ಡು ನೀವು ಡಿಪಾಸಿಟ್ ಮಾಡಿ, ಇಲ್ಲವೇ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಹಿಡಿದು ನೀವೇ ಮಾಡಿಸಿ, ನಮಗೆ ಮೇಲ್ವಿಚಾರಣೆ ಶುಲ್ಕ ಕಟ್ಟಿ. ಪಾಲಿಕೆಗೆ ರಸ್ತೆ ಅಗೆತದ ಶುಲ್ಕ ಬೇರೆ. ಓಣಿಯ ಎಲ್ಲರ ಚೀಟಿ ದುಡ್ಡು ಒಟ್ಟುಮಾಡಿದರೂ ಆ ಮೊತ್ತ ಆಗುವುದಿಲ್ಲ. ಇಷ್ಟೆಲ್ಲ ಕೊಟ್ಟು ಹಾಕಿಸಿದ ಮೇಲೆ ಆ ಕೇಬಲ್ ಯಾರ ಆಸ್ತಿ? ಕರೆಂಟ್ ಕಂಪನಿಯದು. ದುಡ್ಡು ನಮ್ಮದು, ಆಸ್ತಿ ಅವರದು, ಅದರಲ್ಲಿ ಹರಿಯುವ ಕರೆಂಟಿಗೆ ಮತ್ತೆ ಬಿಲ್ ನಮಗೆ. ಇಂಥ ವ್ಯಾಪಾರ ನಮ್ಮ ಮಂಡಿಪೇಟೆಯ ಸಾಹುಕಾರರಿಗೂ ಹೊಳೆದಿರಲಿಕ್ಕಿಲ್ಲ.

ಲೈನ್ ಸ್ಥಳಾಂತರ ಬೇಕೆಂದು ಕೇಳಿದವರೇ ಖರ್ಚು ಕೊಡಬೇಕು ಅಂತ ನಿಯಮವಂತೆ. ತನ್ನ ಸೈಟಿನ ಅಂದಕ್ಕೆ ಕಂಬ ಸರಿಸಿ ಅನ್ನುವವನಿಗೆ ಆ ನಿಯಮ ಸರಿ. ಹೊಸ ಬಡಾವಣೆ ಮಾಡುವವನಿಗೂ ಸರಿ, ಅವನು ಅದನ್ನು ಸೈಟಿನ ರೇಟಿಗೆ ಸೇರಿಸಿಕೊಳ್ಳುತ್ತಾನೆ. ಆದರೆ ನಾಲ್ಕಡಿ ಅಂತರ ಬಿಡದೆ ಲೈನ್ ಎಳೆದಿರುವ ಕಡೆ, ಅದನ್ನು ಸರಿಮಾಡಿ ಅನ್ನುವವರ ಹತ್ತಿರ ದುಡ್ಡು ಕೇಳುವುದು ಯಾವ ನ್ಯಾಯ? ನಾವು ಕೇಳುತ್ತಿರುವುದು ಅಂದ ಚೆಂದ ಅಲ್ಲ. ನಿಯಮ ಹೇಳಿದ ಅಂತರ.

ಇನ್ನು ಬೆಂಗಳೂರಿನ ವಿಷಯ. ಬೆಂಗಳೂರಿಗೂ ನಮಗೂ ಕರೆಂಟ್ ಕೊಡುವುದು ಒಂದೇ ಕಂಪನಿ, ಅಲ್ವಾ? ಅಲ್ಲಿನ ತಂತಿಗಳನ್ನು ನೆಲದೊಳಗೆ ಹಾಕಲು 2020ರ ಡಿಸೆಂಬರ್ ಕೊನೆಯಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಜೊತೆ 10 ಕೋಟಿ ಡಾಲರ್ ಸಾಲಕ್ಕೆ ಸಹಿ ಬಿತ್ತು. ಸುಮಾರು 7,200 ಕಿಲೋಮೀಟರ್ ಲೈನ್ ನೆಲದಡಿಗೆ, ಜೊತೆಗೆ 2,800 ಕಿಲೋಮೀಟರ್ ಆಪ್ಟಿಕಲ್ ಫೈಬರ್. ಒಳ್ಳೆಯದೇ ಆಯಿತು. ಬೆಂಗಳೂರಿನವರೂ ನಮ್ಮವರೇ, ನಮ್ಮ ಮಕ್ಕಳು ಇರುವುದೂ ಅಲ್ಲೇ. ಆದರೆ ಅಲ್ಲಿ ಮನೆಮನೆಗೆ ಹೋಗಿ ನಿಮ್ಮ ಓಣಿಯ ಪಾಲು ಡಿಪಾಸಿಟ್ ಕಟ್ಟಿ ಅಂದರಾ? ಇಲ್ಲ. ಕಂಪನಿ ಹಾಕುವ ಬಂಡವಾಳದ ಬಡ್ಡಿ, ಸವಕಳಿ ಎಲ್ಲ ವಿದ್ಯುತ್ ದರದ ಲೆಕ್ಕಕ್ಕೆ ಸೇರುತ್ತದೆ ಅನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆ ದರ ಕಟ್ಟುವವರಲ್ಲಿ ನಾನೂ ಒಬ್ಬಳು. ಅಂದಮೇಲೆ ಅಲ್ಲಿನ ಕೇಬಲ್ಲಿಗೆ ನನ್ನ ಬಿಲ್ಲಿನಲ್ಲೂ ಪಾಲಿದೆ. ಅಲ್ಲಿಯದಕ್ಕೆ ಎಲ್ಲರೂ ಸೇರಿ ಕೊಡುವುದು, ನಮ್ಮದಕ್ಕೆ ನಾವು ಮಾತ್ರ ಕೊಡುವುದು. ಈ ಲೆಕ್ಕ ನನಗೆ ಬಿಡಿಸಿ ಹೇಳಿ.

ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಫ್ರೀ ಕೊಡುತ್ತಿದ್ದೇವಲ್ಲ ಅಂತ ದಯವಿಟ್ಟು ಹೇಳಬೇಡಿ. ಆಫೀಸಿನಲ್ಲಿ ಒಬ್ಬರು ಅದನ್ನೂ ಹೇಳಿ ಮುಗಿಸಿದ್ದಾರೆ. ಕೆಳಗಿನ ಮನೆ ಮೀಟರಿಗೆ ಅದು ಸಿಗುತ್ತಿದೆ, ಉಪಕಾರವಾಗಿದೆ. ಮೇಲಿನ ಹೊಲಿಗೆ ಅಂಗಡಿಯ ಮೀಟರು ಕಮರ್ಷಿಯಲ್. ನಿಗದಿತ ಶುಲ್ಕ, ತೆರಿಗೆ, 2025ರ ಏಪ್ರಿಲ್‌ನಿಂದ ನೌಕರರ ಪಿಂಚಣಿ, ಗ್ರಾಚ್ಯುಟಿಗೆ ಅಂತ ಯೂನಿಟ್ಟಿಗೆ ಇಷ್ಟು ಪೈಸೆ, ಎಲ್ಲ ಕಟ್ಟುತ್ತಿದ್ದೇನೆ. ಮೋಟಾರ್ ಸುಟ್ಟು ಮಷಿನ್ ನಿಂತಿದ್ದ ತಿಂಗಳೂ ನಿಗದಿತ ಶುಲ್ಕ ನಿಲ್ಲಲಿಲ್ಲ.

ನಮ್ಮ ಊರು 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಗೆ ಸೇರಿತು. ಪಟಾಕಿ ಹೊಡೆದೆವು. ಆ ಯೋಜನೆ 2025ರ ಮಾರ್ಚಿಗೆ ಮುಗಿದೂ ಹೋಯಿತು. ಅಷ್ಟರಲ್ಲಿ ನಮ್ಮ ಓಣಿಯನ್ನು ನೀರಿನ ಪೈಪಿಗೆ ಅಗೆದರು, ಮುಚ್ಚಿದರು. ಗ್ಯಾಸ್ ಪೈಪಿಗೆ ಅಗೆದರು, ಮುಚ್ಚಿದರು. ಆ ಗುಂಡಿ ಬಾಯಿಬಿಟ್ಟಿದ್ದಾಗಲೇ ಕರೆಂಟಿಗೂ ಒಂದು ಖಾಲಿ ಪೈಪು ಹಾಕಿಬಿಟ್ಟಿದ್ದರೆ ಇವತ್ತು ಅರ್ಧ ಖರ್ಚು ಉಳಿಯುತ್ತಿತ್ತು. ಆಗ ಹೋಗಿ ಕೇಳಿದರೆ, "ಅದು ಬೇರೆ ಡಿಪಾರ್ಟ್‌ಮೆಂಟು ಕಣಮ್ಮಾ" ಅಂದರು. ಓಣಿ ಒಂದೇ, ಡಿಪಾರ್ಟ್‌ಮೆಂಟು ಮಾತ್ರ ಬೇರೆ ಬೇರೆ.

ನೆಲದಡಿ ಕೇಬಲ್ಲಿಗೆ ಕಂಬದ ಲೈನಿಗಿಂತ ಹಲವು ಪಟ್ಟು ಜಾಸ್ತಿ ಖರ್ಚು, ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತ ಹುಡುಕುವುದು ತಾಪತ್ರಯ. ಒಪ್ಪುತ್ತೇನೆ. ಇಡೀ ದಾವಣಗೆರೆಯದ್ದು ಮಾಡಿ ಅಂತ ಯಾರೂ ಕೇಳುತ್ತಿಲ್ಲ. ರಸ್ತೆ ಅಗಲ ಇರುವ ಬಡಾವಣೆಗಳಲ್ಲಿ ಕಂಬಗಳು ಇರಲಿ, ಬೇಕಾದರೆ ಬರಿ ತಂತಿ ತೆಗೆದು ಹೊದಿಕೆ ಇರುವ ಕೇಬಲ್ ಎಳೆಯಿರಿ. ನಾಲ್ಕಡಿ ಬಿಡಲಿಕ್ಕೇ ಜಾಗ ಇಲ್ಲದ ಹಳೇ ಓಣಿಗಳಲ್ಲಿ ಮಾತ್ರ ನೆಲದೊಳಗೆ ಹಾಕಿ. ಕಂಪನಿ ದುಡ್ಡಿನಲ್ಲಿ ಹಾಕುತ್ತೀರೋ, ಸರ್ಕಾರದ ಅನುದಾನದಲ್ಲಿ ಹಾಕುತ್ತೀರೋ, ಅದು ನಿಮಗೆ ಬಿಟ್ಟಿದ್ದು. ಓಣಿಯವರ ದುಡ್ಡಿನಲ್ಲಿ ಬೇಡ.

2023ರ ನವೆಂಬರ್‌ನಲ್ಲಿ ಬೆಂಗಳೂರಿನ ಕಾಡುಗೋಡಿಯಲ್ಲಿ ಬೆಳಗಿನ ಜಾವ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ, ಹಸುಗೂಸು ಇಬ್ಬರೂ ಸತ್ತರು. ಆಗ ಅಧಿಕಾರಿಗಳ ಅಮಾನತು, ತನಿಖೆ, ಪರಿಹಾರ ಎಲ್ಲ ಲಗುಬಗೆಯಿಂದ ಆಯಿತು. ನಮ್ಮ ಓಣಿಯಲ್ಲಿ ಸತ್ತದ್ದು ಬರೀ ಮಿಕ್ಸಿ, ಮೋಟಾರು. ಅದಕ್ಕೇ ಫೈಲ್ ಮುಂದೆ ಹೋಗುತ್ತಿಲ್ಲವೋ ಏನೋ. ಹೆಣ ಬಿದ್ದ ಮೇಲೆಯೇ ಎಸ್ಟಿಮೇಟ್ ಮನ್ನಾ ಆಗುವುದಾದರೆ ಅದನ್ನೂ ನೋಟಿಸಿನಲ್ಲೇ ಬರೆದು ಕಳಿಸಿ, ತಿಳಿದುಕೊಂಡಿರುತ್ತೇವೆ.

ಮಾತು ಒರಟಾಗಿದ್ದರೆ ಕ್ಷಮಿಸಿ. ನಮ್ಮ ಊರಿಗೆ ನೀವು ಬಂದಾಗ ಬೆಣ್ಣೆದೋಸೆ ತಿನ್ನಿಸಿ, ಹಾರ ಹಾಕಿ ಕಳಿಸುವವರು ಬಹಳ ಜನ ಇದ್ದಾರೆ. ನಮ್ಮ ಓಣಿಗೆ ನಿಮ್ಮ ಕಾರು ನುಗ್ಗುವುದಿಲ್ಲ, ಇಳಿದು ನಡೆಯಬೇಕಾಗುತ್ತದೆ. ಬರಲಾಗದಿದ್ದರೆ ಉತ್ತರವನ್ನಾದರೂ ಕಳಿಸಿ. ನನ್ನ ಬಾಲ್ಕನಿಗೆ ಕೊಟ್ಟ ನೋಟಿಸ್ ವಾಪಸ್ ತೆಗೆಸುತ್ತೀರಾ? ಓಣಿಯ ತಂತಿ ನೆಲದೊಳಗೆ ಹಾಕಿಸುತ್ತೀರಾ? ಖರ್ಚು ಯಾರದ್ದು? ಈ ಮೂರಕ್ಕೆ ಕನ್ನಡದಲ್ಲಿ, ಸಹಿ ಹಾಕಿ ಕಳಿಸಿ. ಎಸ್ಟಿಮೇಟ್ ಇಂಗ್ಲಿಷಿನಲ್ಲಿತ್ತು, ಓದಿಸಿಕೊಳ್ಳಲು ಪಕ್ಕದ ಮನೆ ಹುಡುಗ ಕಾಲೇಜಿನಿಂದ ಬರುವವರೆಗೆ ಕಾಯಬೇಕಾಯಿತು.

ನೋಟಿಸಿನಲ್ಲಿ ನನಗೆ ಕೊಟ್ಟಿರುವುದು 15 ದಿನ. ನಿಮಗೂ ಅಷ್ಟೇ ಕೊಡುತ್ತಿದ್ದೇನೆ.

ಇಂತಿ,
ಹಳೇ ದಾವಣಗೆರೆಯ ಒಬ್ಬ ಟೇಲರ್