ಹಳೇ ಪಿಕಪ್‌ಗಳ ಬ್ರೇಕ್ ಪರೀಕ್ಷಿಸಿ

ಮಾನ್ಯರೇ,

ಕಾಫಿ ಮೂಟೆ ತುಂಬಿಕೊಂಡು ಸಂಪಾಜೆ ಘಾಟಿ ಇಳಿಯುವ ಹಳೇ ಪಿಕಪ್‌ಗಳ ಬಗ್ಗೆ ಈ ಪತ್ರ. ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದರೂ ಎಷ್ಟೋ ಜನ ಹಾಗೇ ಓಡಿಸುತ್ತಿದ್ದಾರೆ. ಗ್ಯಾರೇಜಿಗೆ ಹೋದರೆ ಸುಮ್ನೆ ಬ್ರೇಕ್ ಶೂ ಬದಲಿಸಿ ಕಳಿಸುವುದೂ ಉಂಟು. ಪೆಡಲ್ ಗಟ್ಟಿಯಾದರೆ ಮೊದಲು ನೋಡಬೇಕಾದ್ದು ಬೂಸ್ಟರ್, ಅಂದರೆ ವ್ಯಾಕ್ಯೂಮ್ (ಗಾಳಿ ಹೀರಿ ತೆಗೆದ ನಿರ್ವಾತ) ಬಳಸಿ ನಮ್ಮ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಭಾಗ, ಅಲ್ವಾ?

ಪರೀಕ್ಷೆ ಸುಲಭ. ಸಮತಟ್ಟು ಜಾಗದಲ್ಲಿ ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲ್ ಒತ್ತಿ, ಕೊನೆಗೆ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್‌ಗೆ ಹೋಗುವ ರಬ್ಬರ್ ಪೈಪನ್ನು ಕೈಯಲ್ಲಿ ಬಗ್ಗಿಸಿ ನೋಡಿ, ಕ್ಲಿಪ್ ಹಾಕಿದ ಜಾಗದಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು, ಎಂಜಿನ್ ಓಡುವಾಗ ಬುಸ್ ಅನ್ನುವ ಸದ್ದೂ ಕೇಳಬಹುದು. ಅಲ್ಲಿರುವ ವಾಲ್ವ್ ಗಾಳಿಯನ್ನು ಒಂದೇ ಕಡೆಗೆ ಬಿಡಬೇಕು. ಡೀಸೆಲ್ ಗಾಡಿಯಲ್ಲಿ ಈ ವ್ಯಾಕ್ಯೂಮ್ ಉಂಟುಮಾಡುವ ಪಂಪನ್ನೂ ನೋಡಿಸಿ. ಕೆಲವು ಗಾಡಿಗಳಲ್ಲಿ ಅದು ಆಲ್ಟರ್ನೇಟರ್ ಹಿಂದೆಯೇ ಇರುತ್ತದೆ. ಪೆಡಲ್ ಮೆತ್ತಗಾಗಿ ತಳ ಮುಟ್ಟಿದರೆ ಅದು ಬೇರೆ ತೊಂದರೆ, ಬ್ರೇಕ್ ಆಯಿಲ್ ಸೋರಿಕೆ ಅಥವಾ ಲೈನಿನಲ್ಲಿ ಗಾಳಿ.

ದಯವಿಟ್ಟು ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಬೇಡಿ. ಕೆಲವೇ ಸಲ ಒತ್ತುವಷ್ಟರಲ್ಲಿ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಖಾಲಿಯಾಗುತ್ತದೆ. ಕಾಫಿ ಕೊಯ್ಲಿಗೆ ಮೊದಲೇ ಆರ್‌ಟಿಒದವರು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳಲ್ಲಿ ಉಚಿತ ಬ್ರೇಕ್ ತಪಾಸಣೆ ಇಡಲಿ.

– ಒಬ್ಬ ಪಿಕಪ್ ಚಾಲಕ, ಮಡಿಕೇರಿ