ಉಪನಗರದ ಹಳೆಯ ಪುರಸಭೆಗಳ ದಫ್ತರ ಉಳಿಸಿಕೊಡಿ: ನಿವಾಸಿಗಳ ಮನವಿ

ಗೆ,
ಮಾನ್ಯ ಸಹಾಯಕ ಆಯುಕ್ತರು,
ವಾರ್ಡ್ ಕಚೇರಿ, ಪೂರ್ವ ಉಪನಗರ, ಮುಂಬೈ

ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳು, ಮುಂಬೈ ಉಪನಗರ ಜಿಲ್ಲೆ, ಬಾಂದ್ರಾ

ವಿಷಯ: 1957ಕ್ಕಿಂತ ಹಿಂದಿನ ಪುರಸಭೆ, ಪಂಚಾಯಿತಿಗಳ ಕಡತಗಳನ್ನು ಹುಡುಕಿ, ಪಟ್ಟಿ ಮಾಡಿ, ಜನರಿಗೆ ನೋಡಲು ಸಿಗುವಂತೆ ಮಾಡುವ ಬಗ್ಗೆ

ಮಾನ್ಯರೇ,

ನಾವು ಪೂರ್ವ ಉಪನಗರದ ಚಾಳು, ಸೊಸೈಟಿಗಳಲ್ಲಿ ಇರುವ ಕನ್ನಡಿಗರು. ಮರಾಠಿಯಲ್ಲಿ ಬರೆದ ಮನವಿ ಇದರ ಜೊತೆಗೇ ಇದೆ. ಸಹಿ ಹಾಕುವ ನಮ್ಮ ಹಿರಿಯರು ಯಾವುದಕ್ಕೆ ಸಹಿ ಹಾಕುತ್ತಿದ್ದೇವೆ ಎಂದು ತಾವೇ ಓದಿ ತಿಳಿಯಲಿ ಅಂತ ಕನ್ನಡದಲ್ಲೂ ಬರೆದಿದ್ದೇವೆ. ರಸ್ತೆ ಗುಂಡಿ, ನೀರು, ಕಸ ಅಂತ ಅರ್ಜಿ ಹಿಡಿದು ನಿಮ್ಮಲ್ಲಿಗೆ ಎಷ್ಟೋ ಸಲ ಬಂದಿದ್ದೇವೆ. ಈ ಸಲ ಬಂದಿರುವುದು ಹಳೆಯ ಕಾಗದಗಳಿಗಾಗಿ.

ಹೋದ ವರ್ಷ ನಮ್ಮಲ್ಲಿನ ಒಂದು ಚಾಳು ರೀಡೆವಲಪ್‌ಮೆಂಟಿಗೆ ಹೋಯಿತು. ಖೋಲಿ ಖಾಲಿ ಮಾಡುವಾಗ ಒಬ್ಬರ ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯಲ್ಲಿ ಒಂದು ರಸೀದಿ ಸಿಕ್ಕಿತು. ಅಂಗೈಯಷ್ಟು ದೊಡ್ಡದು. ನಾಲ್ಕು ಮಡಿಕೆ ಮಾಡಿದ್ದರು, ಮಡಿಕೆಯ ಗೆರೆಗುಂಟ ಹರಿದಿದೆ. ಮೇಲೆ ಅಚ್ಚಿನಲ್ಲಿ ಘಾಟ್ಕೋಪರ್-ಕಿರೋಲ್ ಪುರಸಭೆಯ ಹೆಸರು. ಕೆಳಗೆ ಶಾಯಿಯಲ್ಲಿ 3 ರೂಪಾಯಿ 8 ಆಣೆ. ಇಸವಿ 1948. ಚಹಾದಂಗಡಿಯ ಲೈಸೆನ್ಸಿಗೆ ಕಟ್ಟಿದ ದುಡ್ಡು. ಹೆಸರಿನ ಜಾಗದಲ್ಲಿ ಅರ್ಧ ಹೆಸರು, ಊರಿನ ಜಾಗದಲ್ಲಿ ‘ಉಡಪಿ’. ಶಾಯಿ ಈಗ ಕಂದು ಬಣ್ಣಕ್ಕೆ ತಿರುಗಿದೆ, ಆದರೆ ಓದಲು ಬರುತ್ತದೆ. ಮಂಗಳೂರಿನಿಂದ ಹಡಗು ಹತ್ತಿ ಬಂದ ಹುಡುಗನೊಬ್ಬ ಈ ಊರಿನಲ್ಲಿ ಅಂಗಡಿ ಇಟ್ಟ ಅನ್ನುವುದಕ್ಕೆ ಆ ಮನೆಯವರ ಹತ್ತಿರ ಇರುವ ಒಂದೇ ಗುರುತು ಅದು.

ರಸೀದಿ ಕೈಯಿಂದ ಕೈಗೆ ಹೋಯಿತು. ಮಕ್ಕಳು ಕೇಳಿದರು, ಕಿರೋಲ್ ಪುರಸಭೆ ಅಂದರೇನು, ಮುಂಬೈಗೆ ಇರೋದು ಬಿಎಂಸಿ (ಬೃಹನ್ಮುಂಬೈ ಮಹಾನಗರ ಪಾಲಿಕೆ) ಒಂದೇ ಅಲ್ವಾ? ನಮ್ಮಲ್ಲಿ ಯಾರಿಗೂ ಸರಿಯಾಗಿ ಉತ್ತರ ಹೇಳಲು ಬರಲಿಲ್ಲ. ಆ ಮನೆಯ ಅಜ್ಜಿಗೆ ಈಗ ತೊಂಬತ್ತರ ಹತ್ತಿರ. ಅವರು ಹೇಳಿದ್ದು ಇಷ್ಟು: “ಆಗ ಮುನ್ಸಿಪಾಲ್ಟಿ ನಮ್ಮೂರಿಂದೇ ಇತ್ತು ಮಗಾ. ಗಟಾರ ತುಂಬಿದ್ರೆ ನಿಮ್ಮಜ್ಜ ಅಂಗಡೀಲಿ ಹುಡುಗನ್ನ ಕೂರಿಸಿ ನಡ್ಕೊಂಡೇ ಹೋಗಿ ಹೇಳಿ ಬರ್ತಿದ್ರು. ಹಾಲು ಕಾಯೋದ್ರೊಳಗೆ ವಾಪಸ್ ಬಂದಿರ್ತಿದ್ರು.”

ಆಮೇಲೆ ನಾವು ಓದಿ, ಕೇಳಿ ತಿಳಿದುಕೊಂಡೆವು. ತಿಳಿದಷ್ಟೂ ಇದು ಸುಮ್ನೆ ಬಿಡುವ ವಿಷಯವಲ್ಲ ಅನ್ನಿಸಿತು.

ಮುಂಬೈ ದ್ವೀಪ ಬೇರೆ, ಅದರ ಉತ್ತರಕ್ಕೆ ನಾವಿರುವ ಸಾಷ್ಟಿ (ಇಂಗ್ಲಿಷಿನಲ್ಲಿ ಸಾಲ್ಸೆಟ್) ದ್ವೀಪ ಬೇರೆ. ಸಾಷ್ಟಿಯನ್ನು ಇಂಗ್ಲಿಷರು ಮರಾಠರಿಂದ ಕಿತ್ತುಕೊಂಡದ್ದು 1774ರಲ್ಲಿ. ಆಮೇಲೂ ಅದು ಬಹಳ ಕಾಲ ಠಾಣೆ ಜಿಲ್ಲೆಯ ಭಾಗವಾಗಿಯೇ ಉಳಿಯಿತು. ಕೋಳಿವಾಡ ಅಂದರೆ ಮೀನುಗಾರರ ಕೇರಿ, ಗಾಂವಠಾಣ ಅಂದರೆ ಹಳೆಯ ಹಳ್ಳಿಯ ಮನೆಗಳ ಜಾಗ, ಭತ್ತದ ಗದ್ದೆ, ಉಪ್ಪಿನಾಗರ. ದ್ವೀಪದ ಊರಿಗೆ 1865ರಲ್ಲೇ ಆಯುಕ್ತರು ಬಂದರು, 1888ರಲ್ಲಿ ಈಗಲೂ ನಡೆಯುತ್ತಿರುವ ಪಾಲಿಕೆ ಕಾಯ್ದೆ ಬಂತು. ಆ ಕಾಯ್ದೆ ಆಗ ನಮಗೆ ಅನ್ವಯಿಸುತ್ತಿರಲಿಲ್ಲ. ಆದರೆ ದ್ವೀಪದವರು ಕುಡಿದದ್ದು ಸಾಷ್ಟಿಯ ನೀರನ್ನೇ. ವಿಹಾರ್ ಕೆರೆಯ ನೀರು 1860ರಲ್ಲಿ ಅಲ್ಲಿಗೆ ಹರಿಯಿತು, ತುಳಸಿ ಕೆರೆ 1879ರಲ್ಲಿ ಮುಗಿಯಿತು. ಎರಡೂ ಇರುವುದು ನಮ್ಮ ಉಪನಗರದ ಗುಡ್ಡಗಳ ನಡುವೆ.

ಬಾಂದ್ರಾಕ್ಕೆ 1876ರಲ್ಲಿ ಸ್ವಂತ ಪುರಸಭೆ ಬಂತು. 1896ರಲ್ಲಿ ದ್ವೀಪದಲ್ಲಿ ಪ್ಲೇಗ್ ಹಬ್ಬಿದಾಗ ಜನ ಗಾಳಿ ಬೆಳಕು ಇರುವ ಜಾಗ ಹುಡುಕುತ್ತ ಉತ್ತರಕ್ಕೆ ಬಂದರು. ಬಾಂದ್ರಾ, ಸಾಂತಾಕ್ರೂಜ್ ಕಡೆ ಮನೆಗಳು ಎದ್ದವು. ಕುರ್ಲಾದಲ್ಲಿ ಅಷ್ಟರಲ್ಲಾಗಲೇ ಗಿರಣಿಗಳಿದ್ದವು. ಜಮ್‌ಶೇಟ್‌ಜಿ ಟಾಟಾ 1886ರಲ್ಲಿ ಕೊಂಡು ಸ್ವದೇಶಿ ಎಂದು ಹೆಸರಿಟ್ಟ ಗಿರಣಿ ಇದ್ದದ್ದು ಅಲ್ಲೇ. ಜನ ಜಾಸ್ತಿಯಾದಂತೆ ದೀಪ, ಗಟಾರ, ಶಾಲೆ ಬೇಕಾಯಿತು. 1920ರಲ್ಲಿ ಸಾಷ್ಟಿಯ ದಕ್ಷಿಣ ಭಾಗವನ್ನು ಠಾಣೆಯಿಂದ ಬಿಡಿಸಿ ಮುಂಬೈ ಉಪನಗರ ಜಿಲ್ಲೆ ಮಾಡಿದರು, ಬಾಂದ್ರಾ ಅದರ ಮುಖ್ಯ ಊರು. ಬಾಂದ್ರಾ, ಕುರ್ಲಾ, ಪಾರ್ಲೆ-ಅಂಧೇರಿ, ಜುಹು, ಘಾಟ್ಕೋಪರ್-ಕಿರೋಲ್, ಹೀಗೆ ಒಂದೊಂದು ಕಡೆ ಒಂದೊಂದು ಪುರಸಭೆ. ಉಳಿದ ಹಳ್ಳಿಗಳಲ್ಲಿ ಪಂಚಾಯಿತಿ. 1925ರಲ್ಲಿ ವಿಟಿಯಿಂದ (ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕುರ್ಲಾಕ್ಕೆ ಮೊದಲ ವಿದ್ಯುತ್ ರೈಲು ಓಡಿತಲ್ಲ, ಅದು ಬಂದು ನಿಂತದ್ದು ದ್ವೀಪದ ಪಾಲಿಕೆಯ ಗಡಿಯಾಚೆ, ಇನ್ನೊಂದು ಊರಿನಲ್ಲಿ.

ಇದರಲ್ಲಿ ಕನ್ನಡಿಗರಿಗೆ ಏನು ಸಂಬಂಧ ಎಂದು ನಮ್ಮವರೇ ಕೆಲವರು ಕೇಳಿದರು. ಸಂಬಂಧ ಇದೆ. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ 1956ರ ನವೆಂಬರ್‌ವರೆಗೆ ಮುಂಬೈ ರಾಜ್ಯದಲ್ಲೇ ಇದ್ದವು. 1901ರ ಮುಂಬೈ ಜಿಲ್ಲಾ ಪುರಸಭೆ ಕಾಯ್ದೆ ಮುಂಬೈ ನಗರವನ್ನು ಬಿಟ್ಟು ಪ್ರಾಂತ್ಯದ ಊರುಗಳಿಗೆಂದು ಬಂದದ್ದು. ಅಂದರೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕುರ್ಲಾದ ಪುರಸಭೆಯೂ ಹುಬ್ಬಳ್ಳಿಯ ಪುರಸಭೆಯೂ ಒಂದೇ ಕಾಯ್ದೆಯ ಕೆಳಗೆ ನಡೆಯುತ್ತಿದ್ದವು. ಧಾರವಾಡದಿಂದ ನೌಕರಿಗೆ ಬಂದು ಉಪನಗರದಲ್ಲಿ ಮನೆ ಮಾಡಿದವರಿಗೆ ಇಲ್ಲಿಯ ಮುನ್ಸಿಪಾಲ್ಟಿ ಪರಕೀಯ ಅನ್ನಿಸಿರಲಿಕ್ಕಿಲ್ಲ. ನಮ್ಮಲ್ಲಿ ಒಬ್ಬರು ಹುಬ್ಬಳ್ಳಿಯವರು. ಇದು ಗೊತ್ತಾದ ದಿನ ಅವರು ಊರಿಗೆ ಫೋನ್ ಮಾಡಿ ಅಣ್ಣನಿಗೆ ಹೇಳಿದರಂತೆ.

ಆ ಪುರಸಭೆಗಳ ಕಾಲವೇ ಚೆನ್ನಾಗಿತ್ತು, ಪಾಲಿಕೆ ಬಂದು ಕೆಟ್ಟಿತು ಎಂದು ನಾವು ಹೇಳುತ್ತಿಲ್ಲ. ಅವುಗಳ ಕೈಯಲ್ಲಿ ದುಡ್ಡು ಕಮ್ಮಿ. ಬಹಳ ಕಾಲ ತೆರಿಗೆ ಕಟ್ಟುವಂಥವರಿಗೇ ಮತ ಇತ್ತು. ಹೋಟೆಲಿನಲ್ಲಿ ತಟ್ಟೆ ಎತ್ತಿ ಅಲ್ಲೇ ಬೆಂಚಿನ ಮೇಲೆ ಮಲಗುತ್ತಿದ್ದ ನಮ್ಮ ಹಿರಿಯರನ್ನು ಯಾವ ಪುರಸಭೆಯೂ ಮತದಾರ ಎಂದು ಲೆಕ್ಕಕ್ಕೆ ಹಿಡಿದಿರಲಾರದು. ದ್ವೀಪದ ಪಾಲಿಕೆಯಲ್ಲೂ ವಯಸ್ಸಿಗೆ ಬಂದವರಿಗೆಲ್ಲ ಮತ ಸಿಕ್ಕಿದ್ದು 1948ರ ಚುನಾವಣೆಯಲ್ಲಿ. ದೇಶ ಒಡೆದಾಗ ಸಿಂಧ್‌ನಿಂದ ಬಂದ ನಿರಾಶ್ರಿತರಿಗೆ ಚೆಂಬೂರು, ಮುಲುಂಡ್ ಕಡೆ ಕ್ಯಾಂಪುಗಳಾದವು. ಅಷ್ಟು ಜನರಿಗೆ ನೀರು, ಶಾಲೆ, ಆಸ್ಪತ್ರೆ ಒದಗಿಸುವುದು ಸಣ್ಣ ಪುರಸಭೆ, ಪಂಚಾಯಿತಿಗಳ ಕೈಮೀರಿದ ಕೆಲಸ. 1950ರಲ್ಲಿ ಪಾಲಿಕೆಯ ಗಡಿ ಪಶ್ಚಿಮದಲ್ಲಿ ಜೋಗೇಶ್ವರಿಗೆ, ಪೂರ್ವದಲ್ಲಿ ಭಾಂಡೂಪ್‌ಗೆ ಬಂತು. 1957ರಲ್ಲಿ ದಹಿಸರ್, ಮುಲುಂಡ್‌ವರೆಗೆ ಹೋಯಿತು. ಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದವರು ನಮ್ಮಲ್ಲಿ ಎಷ್ಟೋ ಜನ ಇದ್ದೇವೆ. ಆ ಋಣವನ್ನು ನಾವು ಮರೆತಿಲ್ಲ.

ಸೇರಿ ಎಪ್ಪತ್ತು ವರ್ಷ ದಾಟಿದರೂ ಹಳೆಯ ಗಡಿ ಇನ್ನೂ ಮಾಸಿಲ್ಲ. ರಿಕ್ಷಾ ದ್ವೀಪದ ಅಂಚಿನ ಸಾಯನ್ ದಾಟುವುದಿಲ್ಲ. ಆ ಕಡೆ ಮಾಹಿಮ್ ದಾಟುವುದಿಲ್ಲ. ಬಸ್ಸು, ಕರೆಂಟು ಎರಡನ್ನೂ ನೋಡಿಕೊಳ್ಳುವ ಪಾಲಿಕೆಯ ಸಂಸ್ಥೆ ಬೆಸ್ಟ್. ಬೆಸ್ಟ್ ಬಸ್ಸು ನಮ್ಮ ಮನೆ ಬಾಗಿಲಿಗೆ ಬರುತ್ತದೆ, ಬೆಸ್ಟ್ ಕರೆಂಟು ಮಾತ್ರ ದ್ವೀಪದ ಊರಿನಲ್ಲೇ ನಿಲ್ಲುತ್ತದೆ. 1990ರ ಅಕ್ಟೋಬರ್ 1ರಂದು ಉಪನಗರ ಮತ್ತೆ ಬೇರೆ ಜಿಲ್ಲೆಯಾಯಿತು. ಅಂಧೇರಿ, ಬೋರಿವಲಿ, ಕುರ್ಲಾ ಮೂರು ತಾಲೂಕು, ಕಚೇರಿ ಮತ್ತೆ ಬಾಂದ್ರಾದಲ್ಲೇ. ಮಹಾರಾಷ್ಟ್ರದ ಬೇರೆ ಜಿಲ್ಲೆಗಳಿಗೆ ಇರುವ ಜಿಲ್ಲಾ ಪರಿಷತ್ತು ಮುಂಬೈಯ ಈ ಎರಡು ಜಿಲ್ಲೆಗಳಿಗೆ ಇಲ್ಲ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನ 93 ಲಕ್ಷಕ್ಕೂ ಮೇಲೆ. ಇಷ್ಟು ಜನಕ್ಕೆ ತಮ್ಮ ಊರನ್ನು ಯಾರು, ಯಾವಾಗ, ಹೇಗೆ ನಡೆಸುತ್ತಿದ್ದರು ಎಂದು ಕೈಯಲ್ಲಿ ಹಿಡಿದು ನೋಡಲು ಏನೂ ಸಿಗುವುದಿಲ್ಲ. 2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿದು ವರ್ಷಗಟ್ಟಲೆ ನಗರಸೇವಕರೇ ಇಲ್ಲದೆ ಕಳೆದಾಗ, ಯಾರ ಹತ್ತಿರ ಹೋಗಿ ಹೇಳುವುದು ಎಂದು ತಿಳಿಯದೆ ನಿಂತವರಿಗೆ ಆ ಅಜ್ಜಿಯ ಮಾತಿನ ಬೆಲೆ ಗೊತ್ತು.

ಈಗ ನಮ್ಮ ಕಷ್ಟ. ನಮ್ಮಲ್ಲಿ ಒಬ್ಬ ಹಿರಿಯರು ಹುಟ್ಟಿದ್ದು 1949ರಲ್ಲಿ, ಉಪನಗರದಲ್ಲೇ. ಅಂದರೆ ಪಾಲಿಕೆಗೆ ಸೇರುವ ಮುಂಚೆ. ಜನನ ದಾಖಲೆ ಬೇಕಾಯಿತು. ಒಂದು ಕಚೇರಿಗೆ ಹೋದರು, ಆ ಕಾಲದ ಪುಸ್ತಕ ಇಲ್ಲಿಲ್ಲ ಎಂದರು. ಇನ್ನೊಂದಕ್ಕೆ ಹೋದರು, ಮೊದಲಿನ ಕಚೇರಿಗೇ ಕೇಳಿ ಎಂದರು. ಮೂರನೇ ಕಡೆ ಒಬ್ಬ ಗುಮಾಸ್ತರು ಪಾಪ ಒಳಗೆ ಕರೆದು ತೋರಿಸಿದರು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು, ಮೇಲೆ ಚೀಟಿ ಇಲ್ಲ. ಒಂದನ್ನು ಬಿಚ್ಚಿದರೆ ಮಳೆಗಾಲದ ತೇವಕ್ಕೆ ಹಾಳೆಗಳು ಹಪ್ಪಳದಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಅಕ್ಷರವೇ ಕಿತ್ತು ಬರುತ್ತದೆ. ಅದು ಯಾವ ಪುರಸಭೆಯದು ಅನ್ನುವುದೂ ತಿಳಿಯಲಿಲ್ಲ. ಕಡೆಗೆ ಆ ಹಿರಿಯರು ಅಫಿಡವಿಟ್ ಮಾಡಿಸಿಕೊಂಡರು. ಇದು ಯಾವ ಕಚೇರಿ ಎಂದು ಬರೆಯುವುದು ಬೇಡ. ಯಾರ ಮೇಲೂ ದೂರು ಹೇಳಲು ನಾವು ಬಂದಿಲ್ಲ. ಆ ಗಂಟುಗಳು ಇನ್ನು ಎಷ್ಟು ಮಳೆಗಾಲ ತಡೆದಾವು ಎನ್ನುವುದೇ ನಮ್ಮ ಚಿಂತೆ.

ಪುರಸಭೆಗಳ ಆಸ್ತಿ, ಕೆಲಸಗಾರರು ಪಾಲಿಕೆಗೆ ಬಂದ ಮೇಲೆ ದಫ್ತರವೂ ಬಂದಿರಬೇಕು. ಸಭೆಯ ನಡಾವಳಿ, ಮನೆ ತೆರಿಗೆಯ ಖಾತೆ, ಲೈಸೆನ್ಸ್ ಪುಸ್ತಕ, ಜನನ ಮರಣದ ರಿಜಿಸ್ಟರ್, ನಕ್ಷೆ. ಇವೆಲ್ಲ ಈಗ ಎಲ್ಲೆಲ್ಲಿವೆ ಎಂದು ಮೊದಲು ಹುಡುಕಿಸಿ. ಸಿಕ್ಕಿದ್ದನ್ನು ಪಟ್ಟಿ ಮಾಡಿಸಿ, ಪಟ್ಟಿಯನ್ನು ವಾರ್ಡ್ ಕಚೇರಿಯ ಬೋರ್ಡಿನ ಮೇಲೆ ಹಾಕಿಸಿ. ಇಷ್ಟಕ್ಕೆ ದೊಡ್ಡ ಖರ್ಚಿಲ್ಲ. ಸ್ಕ್ಯಾನ್ ಮಾಡಿಸುವುದು ಆಮೇಲಿನ ಮಾತು. ಆದರೆ ಜನನ ಮರಣದ ಪುಸ್ತಕಗಳಿಗೆ ಕಾಯಬೇಡಿ, ಅವು ಮೊದಲು ಆಗಲಿ. ಅವುಗಳಿಗಾಗಿ ಅಲೆಯುತ್ತಿರುವವರಿಗೆ ಈಗಾಗಲೇ ಎಪ್ಪತ್ತು, ಎಂಬತ್ತು ವಯಸ್ಸು.

ಹಳೆಯ ಪುರಸಭೆಗಳ ಕಚೇರಿ ಎಲ್ಲಿತ್ತು ಎನ್ನುವುದು ದಾಖಲೆಯಿಂದ ಖಚಿತವಾದ ಕಡೆ ಒಂದು ಫಲಕ ಹಾಕಿಸಿ. ಹೆಸರು, ಶುರುವಾದ ವರ್ಷ, ಪಾಲಿಕೆಗೆ ಸೇರಿದ ವರ್ಷ ಇದ್ದರೆ ಸಾಕು, ಶಿಲಾನ್ಯಾಸದ ಸಮಾರಂಭ ಬೇಡ. ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತಿದೆ, ಕನ್ನಡವೂ ಅದರಲ್ಲಿ ಒಂದು. ಉಪನಗರದ ಆಡಳಿತದ ಕಥೆಯನ್ನು ಹತ್ತಿಪ್ಪತ್ತು ಪುಟದ ಪುಸ್ತಿಕೆ ಮಾಡಿ ಆ ಎಂಟೂ ಭಾಷೆಯ ಮಕ್ಕಳ ಕೈಗೆ ಕೊಡಬಹುದಲ್ಲವೇ? ಕನ್ನಡದ ಪ್ರತಿಯನ್ನು ಬರೆದು, ತಿದ್ದಿ ಕೊಡುವ ಕೆಲಸ ನಮ್ಮದು. ನಮ್ಮಲ್ಲಿ ನಿವೃತ್ತ ಶಿಕ್ಷಕಿಯರು ಇದ್ದಾರೆ.

ಕಡತಗಳ ಕೆಲಸಕ್ಕೂ ನಾವು ಬರುತ್ತೇವೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತರಾದ ಐದಾರು ಜನ, ಮರಾಠಿ, ಗುಜರಾತಿ ಓದಲು ಬರೆಯಲು ಚೆನ್ನಾಗಿ ಬರುವವರು, ಶನಿವಾರ ಶನಿವಾರ ಬಂದು ನಿಮ್ಮ ಸಿಬ್ಬಂದಿಯ ಎದುರೇ ಕೂತು ಧೂಳು ಒರೆಸಿ ಪಟ್ಟಿ ಬರೆಯಲು ಸಿದ್ಧರಿದ್ದಾರೆ. ಭತ್ಯೆ ಬೇಡ. ಒಂದು ಮೇಜು, ಫ್ಯಾನು, ಒಳಗೆ ಬರಲು ನಿಮ್ಮ ಸಹಿ ಇರುವ ಚೀಟಿ ಕೊಡಿ. ಮಳೆ ಹಿಡಿಯುವ ಮೊದಲೇ ಶುರು ಮಾಡಿದರೆ ಒಳ್ಳೆಯದು.

ಈ ಬಗ್ಗೆ ಮಾತಾಡಲು ನಮ್ಮಲ್ಲಿ ನಾಲ್ವರಿಗೆ ಒಂದು ದಿನ ಸಮಯ ಕೊಡಬೇಕೆಂದು ಕೋರುತ್ತೇವೆ. 1948ರ ರಸೀದಿಯ ಜೆರಾಕ್ಸ್ ಇದರ ಜೊತೆಗಿದೆ. ಅಸಲನ್ನು ಅಜ್ಜಿ ಯಾರ ಕೈಗೂ ಕೊಡುವುದಿಲ್ಲ. ಆ ದಿನ ತಾವೇ ತಂದು ತೋರಿಸುತ್ತೇನೆ ಎಂದಿದ್ದಾರೆ, ಆದ್ದರಿಂದ ಭೇಟಿ ನೆಲಮಹಡಿಯಲ್ಲಿ ಆದರೆ ಉಪಕಾರ.

ಇಂತಿ ತಮ್ಮ ವಿಶ್ವಾಸಿಗಳು,
ಪೂರ್ವ ಉಪನಗರದ ಕನ್ನಡಿಗ ನಿವಾಸಿಗಳು
(ಸಹಿಗಳು ಮುಂದಿನ ಹಾಳೆಗಳಲ್ಲಿ)